ತಾಮ್ರ ಅರಗಿಸಿಕೊಂಡ ಹುಳ

ಇಂಗ್ಲೆಂಡಿನ ನೈರುತ್ಯ ಮೂಲೆಯ ಕಾರ್ನ್‌ವಾಲ್‌ನಲ್ಲಿ 1992ರ ಜನವರಿ 13ರಂದು ಹಳೆಯ ಗಣಿಯೊಂದರ ಬಾಯಿ ಒಡೆಯಿತು. ವೀಲ್ ಜೇನ್ ಎಂಬ ತವರದ ಗಣಿ ಹಿಂದಿನ ವರ್ಷವಷ್ಟೇ ಮುಚ್ಚಿತ್ತು. ಪಂಪುಗಳು ನಿಂತ ಮೇಲೆ ನೆಲದಡಿಯ ಸುರಂಗಗಳಲ್ಲಿ ನೀರು ಏರುತ್ತಲೇ ಹೋಯಿತು. ಕೊನೆಗೆ ಪಕ್ಕದ ನ್ಯಾಂಗೈಲ್ಸ್ ಗಣಿಯ ಸುರಂಗದ ಮೂಲಕ ಸುಮಾರು 5 ಕೋಟಿ ಲೀಟರ್ ಆಮ್ಲೀಯ ನೀರು ಹೊರನುಗ್ಗಿತು. ಕಬ್ಬಿಣ, ಸತು, ಕ್ಯಾಡ್ಮಿಯಂ, ಆರ್ಸೆನಿಕ್ ಎಲ್ಲವೂ ಅದರಲ್ಲಿದ್ದವು. ಕಾರ್ನನ್ ನದಿ ಕಿತ್ತಳೆ ಬಣ್ಣಕ್ಕೆ ತಿರುಗಿತು. ನದಿ ಸೇರುವ ರೆಸ್ಟ್ರಾಂಗೆಟ್ ಕ್ರೀಕ್ ಎಂಬ ಕಿರು ಅಳಿವೆ, ಅದರಾಚೆಯ ಫಾಲ್ ಅಳಿವೆಯ ಅಗಲ ನೀರು ಕೂಡ ಅದೇ ಬಣ್ಣ ತಾಳಿದವು. ಪತ್ರಿಕೆಗಳಿಗೆ ಚಿತ್ರ ಸಿಕ್ಕಿತು, ಸರ್ಕಾರಕ್ಕೆ ತಲೆನೋವು ಸಿಕ್ಕಿತು.

ವಿಜ್ಞಾನಿಗಳು ಅಳಿವೆಯ ತಳದ ಕೆಸರನ್ನು ಎತ್ತಿ, ಸೋಸಿ, ಅದರೊಳಗಿನ ಜೀವಿಗಳನ್ನು ಎಣಿಸಿದರು. ಈ ಪ್ರವಾಹದ ತಲೆಗೇ ಕಟ್ಟಬಹುದಾದ ಬದಲಾವಣೆ ಹೆಚ್ಚೇನೂ ಕಾಣಲಿಲ್ಲ. ಇಷ್ಟು ಓದಿ ಯಾರಾದರೂ ನಿಟ್ಟುಸಿರು ಬಿಟ್ಟರೆ ಅದು ಅವಸರವಾದೀತು. ಸಾಯಬೇಕಾದವು ಅಲ್ಲಿ ಎಂದೋ ಸತ್ತಿದ್ದವು. ಉಳಿದವು ಎರಡು ಶತಮಾನಗಳಿಂದ ಲೋಹದಲ್ಲೇ ಬದುಕಿ ಪಳಗಿದವು. ಒಂದು ದಿನದ ಕಿತ್ತಳೆ ನೀರಿಗಿಂತ ದೊಡ್ಡ ಸಂಗತಿ ಅದರ ಕೆಳಗೆ ಬೂದುಬಣ್ಣದಲ್ಲಿ ಸದ್ದಿಲ್ಲದೆ ಕೂತಿತ್ತು.

ಕಾರ್ನನ್ ಕಣಿವೆಯ ಮೇಲಿರುವ ಗ್ವೆನಪ್ ಎಂಬ ಊರಿನ ಆಸುಪಾಸನ್ನು ಒಂದು ಕಾಲದಲ್ಲಿ ಹಳೆಯ ಜಗತ್ತಿನ ಅತ್ಯಂತ ಸಿರಿವಂತ ಚದರ ಮೈಲಿ ಎಂದು ಕರೆಯುತ್ತಿದ್ದರು. ತಾಮ್ರದ ಸಿರಿ ಅದು. ಗಣಿ ಆಳಕ್ಕೆ ಹೋದಷ್ಟೂ ನೀರಿನ ಕಾಟ ಹೆಚ್ಚಿತು. ಅದಕ್ಕೆ ಉಪಾಯವಾಗಿ 1748ರಲ್ಲಿ ಗುಡ್ಡದ ಬುಡದಿಂದ ಒಳಕ್ಕೆ ಸುರಂಗ ಕೊರೆಯಲು ಶುರು ಮಾಡಿದರು. ದಕ್ಷಿಣ ಕನ್ನಡದ ಮಾಣಿಲದ ಕಡೆ ಗುಡ್ಡ ಕೊರೆದು, ಪಂಪಿಲ್ಲದೆ ನೀರು ತಾನಾಗಿ ಹರಿದು ಬರುವಂತೆ ಮಾಡುವ ಸುರಂಗಗಳಿವೆಯಲ್ಲ, ತತ್ವ ಅದೇ. ನಮ್ಮವರು ಕುಡಿಯುವ ನೀರಿಗಾಗಿ ತೋಡಿದರು, ಅವರು ಬೇಡದ ನೀರನ್ನು ಕಳೆದುಕೊಳ್ಳಲು ತೋಡಿದರು. ಕೌಂಟಿ ಅಡಿಟ್ ಎಂಬ ಆ ಸುರಂಗಜಾಲ ಕವಲೊಡೆಯುತ್ತ 60 ಕಿಲೋಮೀಟರಿಗೂ ಮಿಕ್ಕಿ ಬೆಳೆಯಿತು. ಹತ್ತಾರು ಗಣಿಗಳ ನೀರು ಅದರೊಳಗೆ ಸೇರಿ ಕಾರ್ನನ್ ನದಿಗೆ ಬಿತ್ತು, ಇಂದಿಗೂ ಬೀಳುತ್ತಿದೆ.

ಈ ಕಣಿವೆಗೂ ನಮ್ಮ ಕೋಲಾರಕ್ಕೂ ನಂಟಿದೆ. 1819ರಲ್ಲಿ ಗ್ವೆನಪ್‌ನ ಕನ್ಸಾಲಿಡೇಟೆಡ್ ಗಣಿಗಳನ್ನು ಮತ್ತೆ ತೆರೆಸಿದವನು ಜಾನ್ ಟೇಲರ್. ಅಲ್ಲಿಂದ ರೆಸ್ಟ್ರಾಂಗೆಟ್ ಕ್ರೀಕಿನ ದಡದ ಡೆವೊರಾನ್‌ಗೆ ಅದಿರು ಸಾಗಿಸಲು ರೈಲುಹಾದಿ ಹಾಕಿಸಿದವನೂ ಅವನೇ. ಅವನ ಹೆಸರಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಗಳ ಆಡಳಿತಕ್ಕೆ ಬಂತು, ಜೊತೆಗೆ ಕಾರ್ನ್‌ವಾಲ್‌ನ ಗಣಿಗಾರರೂ ಬಂದರು. ಕೆಜಿಎಫ್‌ನ ತ್ಯಾಜ್ಯ ಒಣನೆಲದಲ್ಲಿ ರಾಶಿಬಿದ್ದು ಸೈನೈಡ್ ದಿಬ್ಬಗಳಾಯಿತು. 2001ರಲ್ಲಿ ಗಣಿ ಮುಚ್ಚಿದ ಮೇಲೂ ಆ ದಿಬ್ಬಗಳು ಬಸ್ಸಿನ ಕಿಟಕಿಯಿಂದಲೇ ಕಾಣುತ್ತವೆ, ಗಾಳಿ ಬೀಸಿದರೆ ಕಣ್ಣಿಗೂ ಬೀಳುತ್ತವೆ. ಕಾರ್ನ್‌ವಾಲ್‌ನದು ಮಳೆಯ ನಾಡು. ಅಲ್ಲಿ ಪುಡಿಮಾಡಿದ ಬಂಡೆ, ಕರಗಿದ ಲೋಹ ಎಲ್ಲವೂ ಹೊಳೆಯ ಜೊತೆ ಇಳಿದು ಸಮುದ್ರದ ಹೊಸ್ತಿಲಲ್ಲಿ ತಂಗಿದವು. ಡೆವೊರಾನ್ ಬಂದರೇ ಗಣಿಹೂಳಿನಿಂದ ಮುಚ್ಚುತ್ತ ಬಂತು. ಟೇಲರನ ರೈಲು ತಂದ ಅದಿರನ್ನು ಹೊತ್ತೊಯ್ಯಬೇಕಿದ್ದ ಹಡಗುಗಳಿಗೆ ಅದೇ ಗಣಿಗಳ ಹೂಳು ಅಡ್ಡಬಂದದ್ದನ್ನು ಲೆಕ್ಕಪತ್ರ ಬರೆದವರು ಯಾವ ಖಾತೆಗೆ ಹಾಕಿದರೋ.

ಲೋಹ ಅಳಿವೆಯಲ್ಲೇ ಯಾಕೆ ನಿಲ್ಲುತ್ತದೆ, ಸಾಗರಕ್ಕೆ ಹೋಗಿ ಕರಗಿಹೋಗಬಾರದೇ?

ಗಣಿಯ ಬಂಡೆಯಲ್ಲಿ ಗಂಧಕ ಬೆರೆತ ಖನಿಜಗಳಿರುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಪೈರೈಟ್. ಭೂಮಿಯೊಳಗೆ ಗಾಳಿ ತಾಕದೆ ಇದ್ದಷ್ಟು ಕಾಲ ಅದು ಸುಮ್ಮನಿರುತ್ತದೆ. ಅಗೆದು ಗಾಳಿ, ನೀರು ತಾಕಿಸಿದೊಡನೆ ಗಂಧಕಾಮ್ಲ ಹುಟ್ಟುತ್ತದೆ. ಕಬ್ಬಿಣ ತಿಂದು ಬದುಕುವ ಬ್ಯಾಕ್ಟೀರಿಯಾಗಳು ಆ ಕೆಲಸವನ್ನು ಇನ್ನಷ್ಟು ಚುರುಕುಗೊಳಿಸುತ್ತವೆ. ಆಮ್ಲ ಸುತ್ತಲಿನ ತಾಮ್ರ, ಸತು, ಕ್ಯಾಡ್ಮಿಯಂಗಳನ್ನು ಕರಗಿಸಿಕೊಂಡು ಹೊರಗೆ ಹರಿಯುತ್ತದೆ. ಈ ನೀರು ಉಪ್ಪುನೀರನ್ನು ಸಂಧಿಸುವ ಜಾಗದಲ್ಲಿ ಎಲ್ಲವೂ ಬದಲಾಗುತ್ತದೆ. ಸಮುದ್ರದ ನೀರು ತುಸು ಕ್ಷಾರೀಯ. ಆಮ್ಲ ತಟಸ್ಥವಾದೊಡನೆ ಕರಗಿದ್ದ ಕಬ್ಬಿಣ ತುಕ್ಕಿನಂಥ ಕಣಗಳಾಗಿ ಗರಣೆಗಟ್ಟುತ್ತದೆ. ಕಿತ್ತಳೆ ಬಣ್ಣ ಅದರದು. ಆ ಕಣಗಳ ಮೈಗೆ ಆರ್ಸೆನಿಕ್, ತಾಮ್ರ ಅಂಟಿಕೊಳ್ಳುತ್ತವೆ. ಹೊಳೆ ತಂದ ಜೇಡಿಯ ಸಣ್ಣ ಕಣಗಳು ಕೂಡ ಉಪ್ಪು ತಾಕಿದಾಗ ಒಂದಕ್ಕೊಂದು ಹತ್ತಿಕೊಂಡು ಭಾರವಾಗಿ ತಳಕ್ಕಿಳಿಯುತ್ತವೆ. ಇಳಿತದ ಹೊತ್ತಿಗೆ ಹೊರಟದ್ದನ್ನು ಭರತದ ನೀರು ಮತ್ತೆ ಒಳಗೆ ತಳ್ಳುತ್ತದೆ. ಹೀಗೆ ಅಳಿವೆ ದಿನಕ್ಕೆ ಎರಡು ಸಲ ತನ್ನ ಕೆಸರನ್ನು ತಾನೇ ಕಾಪಾಡಿಕೊಳ್ಳುತ್ತದೆ.

ಪರಿಣಾಮವಾಗಿ, ಇಂಗ್ಲೆಂಡಿನ ಆ ಭಾಗದ ಶುಚಿಯಾದ ಅಳಿವೆಯ ಒಂದು ಕಿಲೋ ಒಣ ಕೆಸರಿನಲ್ಲಿ ಸುಮಾರು 20 ಮಿಲಿಗ್ರಾಂ ತಾಮ್ರವಿದ್ದರೆ ರೆಸ್ಟ್ರಾಂಗೆಟ್‌ನಲ್ಲಿ 2,000 ಮಿಲಿಗ್ರಾಂ ದಾಟುತ್ತದೆ. ಸತುವೂ 2,000ದ ಮೇಲೆಯೇ. ಶುಚಿಯಾದ ಅಳಿವೆಯಲ್ಲಿ ಹತ್ತು ಹದಿನೈದು ಮಿಲಿಗ್ರಾಂ ಇರುವ ಆರ್ಸೆನಿಕ್ ಇಲ್ಲಿ 1,700ರ ಆಸುಪಾಸು. ಆರ್ಸೆನಿಕ್ ಅಪ್ಪಟ ಲೋಹವಲ್ಲ, ಅರೆಲೋಹ ಎಂದು ರಸಾಯನ ಬಲ್ಲವರು ತಿದ್ದುತ್ತಾರೆ. ಕೆಸರಿನಲ್ಲಿ ಬದುಕುವ ಹುಳಕ್ಕೆ ಆ ವ್ಯತ್ಯಾಸದಿಂದ ಲಾಭವೇನೂ ಇಲ್ಲ.

ಲೋಹ ಕೆಸರಿನಲ್ಲಿ ಇದ್ದಮಾತ್ರಕ್ಕೆ ಜೀವಿಯ ಹೊಟ್ಟೆ ಸೇರುತ್ತದೆಂದೂ ಹೇಳಲಾಗದು. ಮೇಲಿನ ತೆಳುಪದರದ ಕೆಳಗೆ ಆಮ್ಲಜನಕ ಮುಗಿದುಹೋಗುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಸಮುದ್ರದ ನೀರಿನ ಸಲ್ಫೇಟನ್ನು ಬಳಸಿ ಕೊಳೆತ ಮೊಟ್ಟೆಯ ವಾಸನೆಯ ಅನಿಲ ಹೊರಡಿಸುತ್ತವೆ. ನಮ್ಮ ಕರಾವಳಿಯ ಗಜನಿ ಗದ್ದೆಗಳ ಕಪ್ಪು ಕೆಸರಿಗೆ ಕಾಲಿಟ್ಟವರಿಗೆ ಆ ವಾಸನೆ ಗೊತ್ತು. ಅದರೊಳಗಿನ ಸಲ್ಫೈಡು ಲೋಹವನ್ನು ಕರಗದ ರೂಪದಲ್ಲಿ ಹಿಡಿದಿಡುತ್ತದೆ. ನಾರುವ ಕೆಸರು ಒಂದು ಲೆಕ್ಕದಲ್ಲಿ ಉಪಕಾರಿಯೇ. ಆದರೆ ಬಿರುಗಾಳಿ ಕದಡಿದರೆ, ಹೂಳೆತ್ತುವ ಡ್ರೆಜರ್ ತೋಡಿದರೆ, ಹುಳ ತೂತು ಕೊರೆದು ಗಾಳಿಯಾಡುವ ನೀರನ್ನು ಒಳಗೆ ಎಳೆದುಕೊಂಡರೆ ಸಲ್ಫೈಡು ಒಡೆದು ಲೋಹ ಬಿಡುಗಡೆಯಾಗುತ್ತದೆ.

ತವರದ್ದು ಇನ್ನೂ ವಿಚಿತ್ರ. ಈ ಕ್ರೀಕಿನ ಕೆಸರಿನಲ್ಲಿ ತವರ ಬೇಕಾದಷ್ಟಿದೆ. ಕೆಸರಿನ ಕೆಳಗಿನ ಜಲ್ಲಿಪದರದಲ್ಲಿ ನಿಸರ್ಗವೇ ಕೂಡಿಟ್ಟ ತವರಕ್ಕಾಗಿ 1870ರ ದಶಕದಲ್ಲಿ ಕ್ರೀಕಿನ ನಡುವೆ ಕಬ್ಬಿಣದ ಬಾವಿ ಇಳಿಸಿ ಗಣಿ ನಡೆಸಿದ್ದರು. ಖನಿಜರೂಪದ ತವರ ಬಹುಮಟ್ಟಿಗೆ ನಿರುಪದ್ರವಿ. ಅದೇ ತವರವನ್ನು ಇಂಗಾಲದ ಸರಪಳಿಗಳಿಗೆ ಜೋಡಿಸಿ ಟ್ರೈಬ್ಯುಟೈಲ್ ಟಿನ್ ಎಂಬ ರಾಸಾಯನಿಕ ಮಾಡಿ, ದೋಣಿಯ ತಳಕ್ಕೆ ಪಾಚಿ ಹತ್ತದಂತೆ ಬಣ್ಣದಲ್ಲಿ ಬೆರೆಸಿದಾಗ ಅನಾಹುತವಾಯಿತು. ಪ್ಲಿಮತ್‌ನ ಬ್ರಯಾನ್, ಗಿಬ್ಸ್ ಮೊದಲಾದ ವಿಜ್ಞಾನಿಗಳು 1986ರಲ್ಲಿ ತೋರಿಸಿದ ಹಾಗೆ ಆ ಕರಾವಳಿಯ ಡಾಗ್‌ವೆಲ್ಕ್ ಎಂಬ ಕಡಲಬಸವನಹುಳುವಿನ ಹೆಣ್ಣುಗಳಲ್ಲಿ ಗಂಡಿನ ಅಂಗ ಬೆಳೆದು, ಮೊಟ್ಟೆ ಹೊರಬರಲು ದಾರಿಯಿಲ್ಲದೆ, ಸಂತತಿಗಳೇ ಅಳಿದವು. ಬ್ರಿಟನ್ ಮರುವರ್ಷವೇ ಸಣ್ಣ ದೋಣಿಗಳಿಗೆ ಆ ಬಣ್ಣವನ್ನು ನಿಷೇಧಿಸಿತು. ಎಷ್ಟು ಲೋಹ ಇದೆ ಎಂದು ಮಾತ್ರ ಕೇಳುವ ವರದಿಗಳನ್ನು ನಾನು ಅರ್ಧ ವರದಿ ಎಂದೇ ಓದುತ್ತೇನೆ. ಯಾವ ರೂಪದಲ್ಲಿದೆ ಎಂಬುದು ಉಳಿದರ್ಧ.

ಈಗ ಹುಳದ ಕಡೆ ಬರೋಣ. ರ‍್ಯಾಗ್‌ವರ್ಮ್ ಎಂದು ಅಲ್ಲಿನ ಗಾಳಗಾರರು ಕರೆಯುವ, ಮೀನು ಹಿಡಿಯಲು ಕೊಕ್ಕೆಗೆ ಸಿಕ್ಕಿಸುವ ಹುಳ ಇದು. ಬೆರಳುದ್ದ ಬೆಳೆಯುತ್ತದೆ, ಮೈಯ ಎರಡೂ ಬದಿಗೆ ಸಾಲುಗಾಲುಗಳು, ಇಂಗ್ಲಿಷಿನ ಯು ಅಕ್ಷರದ ಆಕಾರದ ಬಿಲದಲ್ಲಿ ವಾಸ. ಕೆಸರನ್ನೇ ತಿಂದು ಅದರೊಳಗಿನ ಸತ್ವ ಹೀರಿ ಬದುಕುತ್ತದೆ. ಕೆಸರು ತಿನ್ನುವ ಜೀವಿ ಕಿಲೋಗೆ ಎರಡು ಗ್ರಾಂ ತಾಮ್ರವಿರುವ ಕೆಸರಿನಲ್ಲಿ ಬದುಕಿರುವುದೇ ಒಂದು ಸೋಜಿಗ. 1971ರಲ್ಲಿ ಬ್ರಯಾನ್ ಮತ್ತು ಹಮ್ಮರ್‌ಸ್ಟೋನ್ ಈ ಸೋಜಿಗವನ್ನು ಪರೀಕ್ಷೆಗೆ ಒಡ್ಡಿದರು. ಶುಚಿಯಾದ ಅಳಿವೆಯ ಹುಳಗಳನ್ನೂ ರೆಸ್ಟ್ರಾಂಗೆಟ್‌ನ ಹುಳಗಳನ್ನೂ ತಾಮ್ರ ಬೆರೆಸಿದ ನೀರಿನಲ್ಲಿಟ್ಟರು. ಮೊದಲಿನವು ಬೇಗ ಸತ್ತವು, ರೆಸ್ಟ್ರಾಂಗೆಟ್‌ನವು ತಾಳಿದವು. ಅವುಗಳ ಮೈಯಲ್ಲಿ ತಾಮ್ರ ಕಡಿಮೆ ಇತ್ತೆಂದಲ್ಲ, ಸಾಮಾನ್ಯ ಹುಳಕ್ಕಿಂತ ಹತ್ತಾರು ಪಟ್ಟು ಹೆಚ್ಚಿತ್ತು. ಅವು ತಾಮ್ರವನ್ನು ಚರ್ಮದ ಜೀವಕೋಶಗಳಲ್ಲಿ ಕಣಗಳಾಗಿ ಕಟ್ಟಿ, ಅಪಾಯವಾಗದಂತೆ ಮೂಲೆಗಿಟ್ಟಿದ್ದವು. ಸತುವಿನ ವಿಷಯದಲ್ಲಿ ತಂತ್ರ ಬೇರೆ, ಅದನ್ನು ಮೈಯೊಳಗೆ ಅಳತೆ ಮೀರಿ ಸೇರಿಸಿಕೊಳ್ಳುವುದಿಲ್ಲ.

ಈ ತಾಳಿಕೆ ಅಭ್ಯಾಸದಿಂದ ಬಂದದ್ದಲ್ಲ, ತಾಯಿಯಿಂದ ಮರಿಗೆ ಇಳಿಯುವಂಥದ್ದು ಎಂದು ಮುಂದಿನ ಸಂಶೋಧನೆಗಳು ತೋರಿಸಿದವು. 1989ರಲ್ಲಿ ಒಂದು ತಂಡ ಇನ್ನೂ ಜಾಣತನದ ಕೆಲಸ ಮಾಡಿತು. ತಾಮ್ರ ತಾಳುವ ಹುಳ ಎಲ್ಲಿಯವರೆಗೆ ಸಿಗುತ್ತದೆಂದು ನೋಡುತ್ತ ಹೋಗಿ, ಲೋಹದ ಹಾವಳಿ ನಿಜವಾಗಿ ಎಲ್ಲಿಯವರೆಗಿದೆ ಎಂಬ ನಕ್ಷೆಯನ್ನು ಹುಳದಿಂದಲೇ ಬರೆಸಿತು. ಯಂತ್ರ ಹೇಳುವುದು ಕೆಸರಿನಲ್ಲಿ ಲೋಹ ಎಷ್ಟಿದೆ ಎಂದು ಮಾತ್ರ. ದುರ್ಬಲ ಹುಳಗಳನ್ನೆಲ್ಲ ಕೊಂದು ಬಲ್ಲಿದವನ್ನು ಮಾತ್ರ ಉಳಿಸುವಷ್ಟು ಅದು ಇದೆಯೇ ಎಂಬುದನ್ನು ಹುಳದ ವಂಶವೇ ಹೇಳಬೇಕು.

ಹುಳ ಗೆದ್ದಲ್ಲಿ ಚಿಪ್ಪುಜೀವಿಗಳು ಯಾಕೆ ಸೋತವು? ಕ್ರೀಕಿನ ಒಳಭಾಗದಲ್ಲಿ ಇಂಥ ಕೆಸರಿನಲ್ಲಿ ಸಾಮಾನ್ಯವಾಗಿ ತುಂಬಿ ತುಳುಕಬೇಕಾದ ಕಾಕಲ್ ಮುಂತಾದ ಚಿಪ್ಪುಗಳು ಇಲ್ಲವೇ ಇಲ್ಲ ಎನ್ನುವಷ್ಟು ಅಪರೂಪ. ಎಳೆಯ ಚಿಪ್ಪುಮರಿಗಳು ತಾಮ್ರವನ್ನು ಸಹಿಸಲಾರವು. ಇನ್ನೊಂದು ಕಾರಣ ಅವುಗಳ ಬಾಳಿನ ಕ್ರಮದಲ್ಲೇ ಇರುವಂತಿದೆ. ರ‍್ಯಾಗ್‌ವರ್ಮ್ ತಾಯಿ ಬಿಲದೊಳಗೇ ಮೊಟ್ಟೆ ಕಾಯುತ್ತದೆ, ಒಮ್ಮೆ ಸಂತಾನ ಕಂಡು ಸಾಯುತ್ತದೆ, ಮರಿಗಳು ಅದೇ ಕೆಸರಿನ ಆಸುಪಾಸಿನಲ್ಲಿ ಬೆಳೆಯುತ್ತವೆ. ತಾಮ್ರ ಗೆದ್ದ ಅಜ್ಜಿಯ ಗುಣ ಮೊಮ್ಮಗಳಿಗೆ ಅದೇ ಊರಲ್ಲಿ ದಕ್ಕುತ್ತದೆ. ಚಿಪ್ಪುಜೀವಿಗಳ ಮರಿಗಳು ಹಾಗಲ್ಲ, ವಾರಗಟ್ಟಲೆ ನೀರಿನಲ್ಲಿ ತೇಲಿ ಎಲ್ಲಿಂದಲೋ ಬಂದು ಎಲ್ಲಿಯೋ ನೆಲೆಸುತ್ತವೆ. ಕ್ರೀಕಿಗೆ ಬಂದಿಳಿಯುವ ಪ್ರತಿ ಪೀಳಿಗೆಯೂ ಶುಚಿಯಾದ ಸಮುದ್ರದ ಹೊಸ ಮಕ್ಕಳೇ, ಅಲ್ಲಿನ ವಿಷದ ಪಾಠ ಕಲಿತವರ ಮಕ್ಕಳಲ್ಲ.

ಕ್ರೀಕಿನ ಹೊರಗಿನ ಅಗಲ ನೀರಿನಲ್ಲಿ ಸಿಂಪಿಯ ಮೀನುಗಾರಿಕೆ ಈಗಲೂ ಇದೆ. ಎಂಜಿನ್ ಬಳಸುವಂತಿಲ್ಲ, ಹಾಯಿ ಅಥವಾ ಹುಟ್ಟು ಮಾತ್ರ ಎಂಬ ಹಳೆಯ ಕಟ್ಟಳೆಯಲ್ಲಿ ನಡೆಯುವ, ಯುರೋಪಿನಲ್ಲೇ ಅಪರೂಪದ ಮೀನುಗಾರಿಕೆ ಅದು. ಹಿಂದೆ ಕ್ರೀಕಿನ ಹತ್ತಿರ ಬೆಳೆದ ಸಿಂಪಿಗಳ ಮಾಂಸ ಹಸಿರಾಗಿರುತ್ತಿತ್ತು. ಸಿಂಪಿ ತನ್ನ ರಕ್ತಕಣಗಳಲ್ಲಿ ತಾಮ್ರ ತುಂಬಿಸಿಕೊಳ್ಳುವುದರಿಂದ ಬರುವ ಬಣ್ಣ. ಹಸಿರಾದವನ್ನು ಶುಚಿಯಾದ ನೀರಿಗೆ ಒಯ್ದು ಹರಡಿ, ಬಣ್ಣ ಇಳಿದ ಮೇಲೆ ಮಾರುತ್ತಿದ್ದರು. ತಾಮ್ರ ಸ್ವತಃ ವಿಷವೆಂದು ತಿಳಿಯಬೇಕಿಲ್ಲ. ಏಡಿ, ಸಿಗಡಿಗಳ ರಕ್ತದಲ್ಲಿ ಆಮ್ಲಜನಕ ಹೊರುವುದೇ ತಾಮ್ರ, ನಮ್ಮ ರಕ್ತದಲ್ಲಿ ಕಬ್ಬಿಣ ಹೊರುವಂತೆ. ಬೇಕಾದದ್ದು ಬೇಡವಾದಷ್ಟು ಬಂದಾಗ ತೊಂದರೆ. ಕ್ಯಾಡ್ಮಿಯಂನ ಜಾಯಮಾನ ಬೇರೆ, ಸತುವಿನ ವೇಷದಲ್ಲಿ ಒಳಹೊಕ್ಕು ಅದರ ಜಾಗ ಕಬಳಿಸುತ್ತದೆ.

ಲೋಹವೆಂದರೆ ಸಣ್ಣ ಜೀವಿಯಿಂದ ದೊಡ್ಡ ಜೀವಿಗೆ ಹೋದಂತೆಲ್ಲ ಹೆಚ್ಚುತ್ತ ಹೋಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಮೀಥೈಲ್ ಪಾದರಸಕ್ಕೆ ಅದು ನಿಜ. ಜಪಾನಿನ ಮಿನಮಾಟಾ ಕೊಲ್ಲಿಯ ಜನ 1950ರ ದಶಕದಲ್ಲಿ ಅದಕ್ಕೆ ಬೆಲೆ ತೆತ್ತರು. ತಾಮ್ರ, ಸತುಗಳು ಆಹಾರಸರಪಳಿಯಲ್ಲಿ ಹಾಗೆ ಏರುತ್ತ ಹೋಗುವುದಿಲ್ಲ. ಹಾಗೆಂದು ಹುಳ ತಿಂದವರು ಪಾರಾದರೆಂದಲ್ಲ. 2008ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಜೀಬ್ರಾ ಮೀನುಗಳಿಗೆ ರೆಸ್ಟ್ರಾಂಗೆಟ್‌ನ ಹುಳಗಳನ್ನೇ ಆಹಾರವಾಗಿ ಕೊಟ್ಟರು. ಮೀನುಗಳು ಸಾಯಲಿಲ್ಲ, ಆದರೆ ಇಟ್ಟ ಮೊಟ್ಟೆಗಳು ಕಡಿಮೆಯಾದವು. ಸಂಶೋಧಕರ ಬೆರಳು ಹುಳದೊಳಗಿನ ಆರ್ಸೆನಿಕ್ ಕಡೆ ತೋರಿತು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಹೆಚ್ಚು ಕಳವಳ ಹುಟ್ಟಿಸುವ ಭಾಗ ಇದೇ. ತೇಲುವ ಸತ್ತ ಮೀನು ಎಲ್ಲರಿಗೂ ಕಾಣುತ್ತದೆ, ಇಡದೇ ಉಳಿದ ಮೊಟ್ಟೆಯನ್ನು ಎಣಿಸುವವರು ಯಾರು? ವಿಷ ತಾಳಿ ಬದುಕಿದ ಹುಳ ತನ್ನ ವಂಶವನ್ನೇನೋ ಉಳಿಸಿಕೊಂಡಿತು, ತನ್ನನ್ನು ನುಂಗಿದವರಿಗೆ ಲೋಹದ ಗಂಟನ್ನೂ ದಾಟಿಸಿತು. ಸೂಕ್ಷ್ಮ ಹುಳವಾಗಿದ್ದರೆ ಅದು ಸತ್ತು, ಆ ಗಂಟು ಕೆಸರಿನಲ್ಲೇ ಉಳಿಯುತ್ತಿತ್ತು.

ಹಾಗಾದರೆ ಕೆಸರನ್ನೇ ಎತ್ತಿ ಹಾಕಬಾರದೇ? ಮಿನಮಾಟಾದಲ್ಲಿ ಹಾಗೆ ಮಾಡಿದರು. 1977ರಿಂದ 1990ರವರೆಗೆ ಸುಮಾರು 15 ಲಕ್ಷ ಘನ ಮೀಟರ್ ಕೆಸರನ್ನು ನಿಭಾಯಿಸಿ, ಕೊಲ್ಲಿಯ ಒಳಮೂಲೆಯನ್ನು ತುಂಬಿ 58 ಹೆಕ್ಟೇರ್ ಹೊಸ ನೆಲ ಮಾಡಿದರು. ಪಾದರಸದ ಭಯ ಅಷ್ಟಿತ್ತು, ಹಣವೂ ಸುರಿಯಿತು. ರೆಸ್ಟ್ರಾಂಗೆಟ್‌ನಲ್ಲಿ ಡ್ರೆಜರ್ ಇಳಿಸಿದರೆ ಸಲ್ಫೈಡಿನ ಬಂಧನದಲ್ಲಿರುವ ಲೋಹವನ್ನು ನಾವೇ ಕೈಯಾರೆ ಬಿಡಿಸಿದಂತಾಗುತ್ತದೆ. ಮೇಲಿಂದ ಹೊಸ ಲೋಹ ಬರುವುದು ನಿಲ್ಲದೆ ಕೆಳಗೆ ತೋಡುವುದರಲ್ಲಿ ಅರ್ಥವೂ ಇಲ್ಲ. ಅಲ್ಲಿ ಮಾಡಿದ್ದು ಮೇಲಿನ ಕೆಲಸ. 2000ದಿಂದ ವೀಲ್ ಜೇನ್‌ನ ನೀರನ್ನು ಪಂಪ್ ಮಾಡಿ, ಸುಣ್ಣ ಬೆರೆಸಿ, ಲೋಹವನ್ನು ಗಸಿಯಾಗಿ ಇಳಿಸಿ, ತಿಳಿಯಾದದ್ದನ್ನು ನದಿಗೆ ಬಿಡುವ ಘಟಕ ನಡೆಯುತ್ತಿದೆ.  ಕೌಂಟಿ ಅಡಿಟ್‌ನ ನೀರು ಆ ಘಟಕದ ಪಾಲಿಗೆ ಸೇರಿದ್ದಲ್ಲ.

ನಮ್ಮ ಕರಾವಳಿಗೆ ಇದರಿಂದ ದಕ್ಕುವುದು ಅಳೆಯುವ ಕ್ರಮ. ನದಿ ಕೆಟ್ಟಿದೆಯೇ ಎಂದು ಕೇಳಿದರೆ ನಮ್ಮಲ್ಲಿ ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋಗುತ್ತಾರೆ. ಅಳಿವೆಯ ನೀರು ಗಂಟೆಗೊಂದು ಬಣ್ಣದ್ದು, ಭರತದ ಹೊತ್ತಿಗೆ ತುಂಬಿದ ಬಾಟಲಿಗೂ ಇಳಿತದ ಬಾಟಲಿಗೂ ತಾಳೆಯಾಗದು. ಕೆಸರಿನಲ್ಲಿ ಮೇಲಿನಿಂದ ಕೆಳಕ್ಕೆ ಕೊಳವೆ ಇಳಿಸಿ ಕೊರೆದು ತೆಗೆದರೆ ವರ್ಷಗಳ ಪದರಗಳೇ ಸಿಗುತ್ತವೆ. ಸೀಸ-210, ಸೀಸಿಯಂ-137ರಂಥ ವಿಕಿರಣಶೀಲ ಧಾತುಗಳಿಂದ ಯಾವ ಪದರ ಯಾವ ಕಾಲದ್ದೆಂದು ಗೊತ್ತುಹಚ್ಚಬಹುದು. ಜೊತೆಗೆ, ನೆಲದ ಸಹಜ ಲೋಹವನ್ನು ಕಳೆದು ಲೆಕ್ಕ ಹಾಕಬೇಕು. ಮುರಕಲ್ಲಿನ ನಾಡಿನಲ್ಲಿ ಕಬ್ಬಿಣ ಸಿಕ್ಕಿತೆಂದು ಗಾಬರಿಯಾಗುವಂತಿಲ್ಲ, ಜೋಯಿಡಾದ ಕಡೆ ಮ್ಯಾಂಗನೀಸ್ ಗಣಿಗಳಿದ್ದ ಕಾಳಿ ಕಣಿವೆಯಲ್ಲಿ ಮ್ಯಾಂಗನೀಸ್ ಇರುವುದು ಹೊಸತಲ್ಲ. ಅದಕ್ಕೇ ಅಣೆಕಟ್ಟಿಲ್ಲದೆ ಹರಿದು ಬರುವ ಅಘನಾಶಿನಿಯ ಅಳಿವೆ ನನಗೆ ಅಮೂಲ್ಯವಾಗಿ ಕಾಣುತ್ತದೆ. 2024ರಲ್ಲಿ ಅದಕ್ಕೆ ಜೌಗುನೆಲಗಳಿಗೆ ಕೊಡುವ ರಾಮ್ಸಾರ್ ತಾಣದ ಮಾನ್ಯತೆ ಸಿಕ್ಕಿತು. ಇಳಿತದ ಹೊತ್ತಿಗೆ ನಡುಮಟ್ಟ ನೀರಿನಲ್ಲಿ ಬಳಚು ಎಂಬ ಚಿಪ್ಪುಜೀವಿಯನ್ನು ಆಯುವ ಸಾವಿರಾರು ಜನರ ಹೊಟ್ಟೆಪಾಡು ಆ ಕೆಸರಿನ ಮೇಲಿದೆ. ಬಳಚು ನೀರು ಸೋಸಿ ತಿನ್ನುವ ಜೀವಿ, ಕೆಸರಿನಲ್ಲಿದ್ದದ್ದು ಅದರ ಮಾಂಸಕ್ಕೂ ಅಲ್ಲಿಂದ ಊಟದ ತಟ್ಟೆಗೂ ಬರುತ್ತದೆ. ಆ ಅಳಿವೆ ಶುಚಿಯಾಗಿರುವಾಗಲೇ ಕೆಸರಿನ ಅಂಕಿಗಳನ್ನು ಬರೆದಿಡಬೇಕು. ರೆಸ್ಟ್ರಾಂಗೆಟ್‌ಗೆ ಹೋಲಿಸಲು ಪಕ್ಕದ ಅಳಿವೆಯ ಕೆಸರು ಬೇಕಾಯಿತು, ಅದರದೇ ಹಳೆಯ ಅಂಕಿ ಯಾರ ಬಳಿಯೂ ಇರಲಿಲ್ಲ.

ಗ್ವೆನಪ್‌ನಲ್ಲಿ ಗಣಿಗಾರಿಕೆಯ ಮಾತು ಮತ್ತೆ ಕೇಳುತ್ತಿದೆ. ಹಳೆಯ ಯುನೈಟೆಡ್ ಗಣಿಗಳಿದ್ದ ಯುನೈಟೆಡ್ ಡೌನ್ಸ್‌ನಲ್ಲಿ ಭೂಶಾಖದ ವಿದ್ಯುತ್ತಿಗಾಗಿ 5 ಕಿಲೋಮೀಟರಿಗೂ ಆಳದ ಬಾವಿ ಕೊರೆದಿದ್ದಾರೆ. ಬ್ಯಾಟರಿಗೆ ಬೇಕಾದ ಲಿಥಿಯಂ ಹುಡುಕುವವರೂ ಅಲ್ಲಿಗೆ ಬಂದಿದ್ದಾರೆ. ಅವರು ಕೊರೆದ ರಂಧ್ರವೊಂದರಲ್ಲಿ ಸಮೃದ್ಧ ತಾಮ್ರ ಮತ್ತು ತವರದ ಪದರ ಸಿಕ್ಕಿದ ಸುದ್ದಿ 2020ರಲ್ಲಿ ಬಂತು. ಆ ನೆಲದ ನೀರು ಇಳಿಯುವುದು ಕಾರ್ನನ್ ಕಣಿವೆಗೇ.